ಹದಿನಾಲ್ಕನೆಯವಳು

ನಾನು ಫೆರ್ನಾಂದಳನ್ನು ಮೊದಲು ಕಂಡದ್ದು ಊರಿನ ಬಟ್ಟೆ ಒಗೆಯುವ ತೊಟ್ಟಿಯಲ್ಲಿ, ಸಾವಿರದ ಒಂಬೈನೂರ ಐವತ್ತೊಂಬತ್ತನೆಯ ಇಸವಿ ಜುಲೈ ತಿಂಗಳ ಕೊನೆಯ ಸೋಮವಾರ. ಮದುವೆಯಾಗಿ ಈ ಊರಿಗೆ ಬಂದು ನನಗೆ ಹನ್ನೊಂದು ದಿನವಾಗಿತ್ತು. ನೀರು ಬೀಳುವ ಬಾಯಿಯ ಪಕ್ಕದಲ್ಲಿ ಒಂದು ನುಣುಪಾದ ಕಲ್ಲು ಖಾಲಿ ಇತ್ತು. ನಾನು ಅದರ ಮೇಲೆ ಬುಟ್ಟಿ ಇಳಿಸಿದೆ. ಹಿಂದಿನಿಂದ ಕೈಗಾಡಿ ತಳ್ಳಿಕೊಂಡು ಬಂದ ಹೆಂಗಸೊಬ್ಬಳು ಗಾಡಿ ನಿಲ್ಲಿಸಿ ನನ್ನ ಬುಟ್ಟಿಯನ್ನೇ ನೋಡಿದಳು. ಸಣಕಲು ಮೈ, ಉದ್ದನೆಯ ಕೈ. ಮೂವತ್ತರ ಒಳಗಿನ ವಯಸ್ಸು.

"ಅದು ವಲಾದ್ ಮನೆಯ ಕಲ್ಲು" ಅಂದಳು.

"ಕಲ್ಲಿನ ಮೇಲೆ ಹೆಸರು ಕಾಣ್ತಿಲ್ವಲ್ಲ?"

"ನಾಲ್ಕು ದಿನ ಇರು ಇಲ್ಲಿ. ಓದೋಕೆ ತಾನಾಗೇ ಬರತ್ತೆ."

ಎದುರುಗಡೆ ಒಗೆಯುತ್ತಿದ್ದ ಮುದುಕಿ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. "ಹೊಸ ಸೊಸೆ, ಅವಳ ಹತ್ರ ಜಗಳಕ್ಕೆ ನಿಲ್ಬೇಡಮ್ಮ. ಅವಳು ನಮ್ಮೂರ ಹದಿನಾಲ್ಕು."

ಉಳಿದವರೂ ನಕ್ಕರು. ಫೆರ್ನಾಂದ್ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ನನ್ನ ಬುಟ್ಟಿಯನ್ನು ಎತ್ತಿ ಪಕ್ಕದ ಕಲ್ಲಿನ ಮೇಲೆ ಇಟ್ಟಳು, ಬೀಳಿಸಲಿಲ್ಲ, ಇಟ್ಟಳು. ಆಮೇಲೆ ತನ್ನ ಹಾಸಿಗೆ ಬಟ್ಟೆಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟಳು. ಇಪ್ಪತ್ತನಾಲ್ಕು ಇದ್ದವು, ಎಲ್ಲದರ ಮೂಲೆಯಲ್ಲೂ ಕೆಂಪು ದಾರದಲ್ಲಿ ಕಸೂತಿ ಮಾಡಿದ ವಲಾದ್ ಮನೆಯ ಮೊದಲಕ್ಷರ. ನಾನು ನನ್ನ ಒಂದೇ ಒಂದು ದೊಡ್ಡ ಬಟ್ಟೆಯನ್ನು ಒಬ್ಬಳೇ ಹಿಂಡಲು ಒದ್ದಾಡುತ್ತಿದ್ದಾಗ ಕೇಳದೆಯೇ ಬಂದು ಇನ್ನೊಂದು ತುದಿ ಹಿಡಿದಳು. ಇಬ್ಬರೂ ಎದುರುಬದುರು ನಿಂತು ತಿರುಚಿದೆವು. ನಮ್ಮ ಸ್ನೇಹ ಶುರುವಾದದ್ದು ಹಾಗೆ.

ಹದಿನಾಲ್ಕು ಅಂದರೆ ಏನೆಂದು ಅತ್ತೆ ಹೇಳಿದಳು. ವಲಾದ್ ಮನೆಯವರು ಪ್ಯಾರಿಸ್ಸಿನವರು. ಆಗಸ್ಟ್ ತಿಂಗಳು ಪೂರ್ತಿ ರಜೆಗೆ ಇಲ್ಲಿಗೆ ಬರುತ್ತಾರೆ. ಆ ಮನೆಯ ದೊಡ್ಡ ಮದಾಂ ಸತ್ತರೂ ಹದಿಮೂರು ಜನರನ್ನು ಒಂದೇ ಮೇಜಿಗೆ ಕೂರಿಸುವವಳಲ್ಲ. ಹದಿಮೂರು ಜನ ಕೂತರೆ ಮೊದಲು ಎದ್ದವರು ವರ್ಷ ತುಂಬುವುದರೊಳಗೆ ಮಣ್ಣಿಗೆ ಹೋಗುತ್ತಾರೆಂದು ನಮ್ಮ ಕಡೆ ಎಲ್ಲರೂ ಹೇಳುವುದೇ. ಬೇರೆ ಮನೆಯಲ್ಲಾದರೆ ಒಂದು ಮಗುವನ್ನು ಚಿಕ್ಕ ಮೇಜಿಗೆ ಕಳಿಸಿ ಸುಮ್ಮನಾಗುತ್ತಾರೆ. ದೊಡ್ಡ ಮದಾಂ ಹಾಗೆ ಮಾಡುತ್ತಿರಲಿಲ್ಲ. ತಲೆ ಎಣಿಸಿ ಹದಿಮೂರು ಬಂದರೆ ಅಡುಗೆಮನೆಯ ಕಡೆ ತಿರುಗಿ, "ಫೆರ್ನಾಂದ್, ಏಪ್ರನ್ ಬಿಚ್ಚಿಟ್ಟು ಬಾ" ಎನ್ನುತ್ತಿದ್ದಳು. ಫೆರ್ನಾಂದ್ ಬಂದು ಕೂರುತ್ತಿದ್ದಳು. ಆ ದಿನ ಬಡಿಸುವುದಕ್ಕೆ ಪಕ್ಕದ ಮನೆಯಿಂದ ಒಬ್ಬಳನ್ನು ಕರೆಸುತ್ತಿದ್ದರು. ನಾನು ಬಂದಮೇಲೆ ಆ ಒಬ್ಬಳು ನಾನೇ.

ಫೆರ್ನಾಂದ್ ಹುಟ್ಟಿದ್ದು ಮೇಲಿನ ಕಲ್ಲುಬಯಲಿನಲ್ಲಿ, ಕುರಿ ಬಿಟ್ಟರೆ ಇನ್ನೇನೂ ಬದುಕದ ಕಡೆ. ಐದು ಮಕ್ಕಳಲ್ಲಿ ಮೂರನೆಯವಳು. ಯುದ್ಧ ಮುಗಿಯುವ ಹಿಂದಿನ ವರ್ಷ, ಹದಿನಾಲ್ಕು ತುಂಬುವ ಮೊದಲೇ, ತಾಯಿ ಅವಳನ್ನು ಮರದ ಚಪ್ಪಲಿ ಹಾಕಿಸಿ ನಡೆಸಿಕೊಂಡು ಬಂದು ವಲಾದ್ ಮನೆಯಲ್ಲಿ ಬಿಟ್ಟು ಹೋದಳು. ಮಲಗಲು ಒಲೆಮನೆ ಕೊಟ್ಟರು. ತೋಟದ ಕೊನೆಯಲ್ಲಿ, ಹಿಂದಿನ ಕಾಲದಲ್ಲಿ ಮನೆಗೆಲ್ಲ ರೊಟ್ಟಿ ಸುಡುತ್ತಿದ್ದ ಕಲ್ಲಿನ ಕಟ್ಟಡ ಅದು. ಎರಡು ಕೋಣೆ. ಒಂದರಲ್ಲಿ ಅರ್ಧ ಜಾಗ ಒಲೆಯದ್ದೇ. ಅವಳು ಆ ಒಲೆಯ ಬಾಯಿಗೆ ಪರದೆ ಕಟ್ಟಿ ಒಳಗೆ ಹಣ್ಣಿನ ಬಾಟಲಿಗಳನ್ನು ಜೋಡಿಸಿಟ್ಟಿದ್ದಳು. ಕಿಟಕಿಯ ಕೆಳಗೆ ತಾನೇ ಗೋಡೆ ಒಡೆದು ಒಂದು ತೊಟ್ಟಿ ಹಾಕಿಕೊಂಡಿದ್ದಳು. ದಕ್ಷಿಣದ ಗೋಡೆಗೆ ಒಂದು ದ್ರಾಕ್ಷಿ ಬಳ್ಳಿ. ಐವತ್ತೇಳು ವರ್ಷ ಅಲ್ಲೇ ಇದ್ದಳು.

ಅವಳ ಕೆಲಸ ನಿಜವಾಗಿ ಶುರುವಾಗುವುದು ಜುಲೈ ಹದಿನೈದಕ್ಕೆ. ಹದಿನೇಳು ಜೊತೆ ಕಿಟಕಿ ಬಾಗಿಲುಗಳನ್ನು ತೆಗೆಯಬೇಕು. ಹಾಸಿಗೆಗಳನ್ನು ಬಿಸಿಲಿಗೆ ಹಾಕಬೇಕು. ಕಣಜದ ಗೂಡು ಸುಡಬೇಕು. ಗಡಿಯಾರಕ್ಕೆ ಕೀಲಿ ಕೊಟ್ಟು ಚರ್ಚಿನ ಗಂಟೆಗೆ ಸರಿಹೊಂದಿಸಬೇಕು. ಮೂವತ್ತೊಂದರ ಸಂಜೆ ಸೇತುವೆಯ ಹತ್ತಿರ ಕಾರಿನ ಹಾರನ್ ಕೇಳಿದರೆ ಸೂಪು ಒಲೆಯ ಮೇಲಿರಬೇಕು. ಅವರು ಕಾರಿಳಿದು ಕೈ ಮೇಲೆತ್ತಿ ಮೈ ಮುರಿದು, "ಆಹಾ, ಇಲ್ಲಿ ಬಂದ್ರೆ ಏನೂ ಮಾಡೋದೇ ಬೇಡ, ಎಲ್ಲ ತಾನಾಗೇ ಆಗತ್ತೆ" ಎನ್ನುತ್ತಿದ್ದರು. ಆ ತಾನಾಗೇ ಆಗುವುದು ಬೆಳಿಗ್ಗೆ ಐದಕ್ಕೆ ಏಳುತ್ತಿತ್ತು.

ಮದುವೆಗೆ ಒಬ್ಬ ಕೇಳಿದ್ದ. ಆನ್ಸೆಲ್ಮ್ ಅಂತ, ಗೋಡೆ ಕಟ್ಟುವವನು. ಆಗಸ್ಟ್ ತಿಂಗಳಲ್ಲಿ ಬಂದು, ನಡಿ ನಮ್ಮಮ್ಮನಿಗೆ ತೋರಿಸ್ತೀನಿ ಅಂದನಂತೆ. ಇವಳು, ಆಗಸ್ಟಲ್ಲಿ ಆಗಲ್ಲ, ಮನೆಯವರು ಹೋಗಲಿ ಅಂದಳಂತೆ. ಅವನು ಇನ್ನೊಂದು ಕಣಿವೆಗೆ ಕೆಲಸಕ್ಕೆ ಹೋದವನು ಅಲ್ಲೇ ಯಾರನ್ನೋ ಮಾಡಿಕೊಂಡ. ಒಂದು ಸಲ ಬಾತುಕೋಳಿಯ ಪುಕ್ಕ ಕೀಳುತ್ತಾ ನನಗೆ ಹೇಳಿದಳು.

"ಒಂದಿನ ಹೋಗಿ ಬರಬಾರದಿತ್ತಾ ಮಾರಾಯ್ತಿ?" ಅಂದೆ.

"ಹೋದ್ರೆ ಹೋದ ಬಿಡು. ಸೆಪ್ಟೆಂಬರ್‌ವರೆಗೆ ಕಾಯದ ಗಂಡಸು ಮುದುಕನಾಗೋವರೆಗೆ ಕಾಯ್ತಿದ್ನಾ?" ಅಂದಳು. ಆದರೆ ಆ ಬಾತುಕೋಳಿಯ ಚರ್ಮ ಎರಡು ಕಡೆ ಹರಿದಿತ್ತು. ಅವಳ ಕೈಯಲ್ಲಿ ಚರ್ಮ ಹರಿದದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ.

ಅರವತ್ತೇಳರ ನವೆಂಬರಿನಲ್ಲಿ ದೊಡ್ಡ ಮದಾಂಳ ಗಂಡ ಸಾಯುವುದಕ್ಕೆಂದು ಊರಿಗೆ ಬಂದ. ಪ್ಯಾರಿಸ್ಸಿನ ಆಸ್ಪತ್ರೆ ಬೇಡ, ನನ್ನ ಮನೆಯ ಕಿಟಕಿ ಸಾಕು ಅಂದನಂತೆ. ಮದಾಂ ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದಳು. ಏಳು ತಿಂಗಳು ಅವನನ್ನು ಎತ್ತಿದವಳು, ತೊಳೆದವಳು, ಚಮಚದಲ್ಲಿ ಉಣಿಸಿದವಳು ಫೆರ್ನಾಂದ್. ಮೇ ತಿಂಗಳ ಕೊನೆಯಲ್ಲಿ ಅವನು ಹೋದ. ಆ ವರ್ಷ ಆಗಸ್ಟ್ ಹದಿನೈದರ ದೇವಮಾತೆಯ ಹಬ್ಬದ ಊಟಕ್ಕೆ ತಲೆ ಎಣಿಸಿದರೆ ಹದಿಮೂರು. ಫೆರ್ನಾಂದ್ ಕೂತಳು. ನಾನು ಹುರುಳಿಕಾಯಿಯ ದೊಡ್ಡ ಬಟ್ಟಲು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ದೊಡ್ಡ ಮದಾಂ ಫೆರ್ನಾಂದಳ ಕೈ ಮೇಲೆ ಕೈ ಇಟ್ಟಳು.

"ಫೆರ್ನಾಂದ್, ಆ ಒಲೆಮನೆ ನಿನ್ನದು. ನೀನು ಉಸಿರಾಡೋವರೆಗೂ ನಿನ್ನನ್ನ ಅಲ್ಲಿಂದ ಯಾರೂ ಎಬ್ಬಿಸಬಾರದು. ಎಲ್ಲರೂ ಕೇಳಿಸ್ಕೊಂಡ್ರೇನು?"

ಎಲ್ಲರೂ ಹೌದೆಂದರು. ಮಗ ರೆಮಿಗೆ ಆಗ ಹದಿನಾರು. ಅವನೂ ಗ್ಲಾಸು ಎತ್ತಿ, "ನಾಂದ್‌ಳ ಅರಮನೆಗೆ!" ಅಂತ ಕೂಗಿದ. ಅವನು ಮಾತು ಕಲಿಯುವಾಗ ಫೆರ್ನಾಂದ್ ಎನ್ನಲು ಬಾರದೆ ನಾಂದ್ ಎಂದವನು ಕೊನೆಯವರೆಗೂ ಹಾಗೇ ಕರೆದ.

ಮಾರನೆಯ ದಿನವೇ ನಾನು ಹೇಳಿದೆ. "ನಿಮ್ಮ ಮದಾಂನ ಕರ್ಕೊಂಡು ವಕೀಲರ ಹತ್ರ ಹೋಗೇ. ಒಂದು ಕಾಗದ ಮಾಡಿಸ್ಕೋ."

"ಹದಿಮೂರು ಜನ ಕೇಳಿದಾರೆ ಇರೆನ್."

"ಜನ ಸಾಯ್ತಾರೆ. ಕಾಗದ ಸಾಯಲ್ಲ."

"ಮೇಜಿನ ಮುಂದೆ ಕೂತು ಆಡಿದ ಮಾತನ್ನ ಕಾಗದಕ್ಕೆ ಹಾಕಿ ಅನ್ನೋದು, ಬಡಿಸಿದವರ ಎದುರೇ ತಟ್ಟೆ ಮೂಸಿ ನೋಡಿದ ಹಾಗೆ. ನನ್ನ ಕೈಲಿ ಆಗಲ್ಲ."

ಅಲ್ಲಿಗೆ ಆ ಮಾತು ನಿಂತಿತು. ದೊಡ್ಡ ಮದಾಂ ಆಮೇಲೆ ಮೂವತ್ತು ವರ್ಷ ಬದುಕಿದಳು. ಆ ಮೂವತ್ತು ವರ್ಷದಲ್ಲಿ ಯಾವ ದಿನ ಬೇಕಾದರೂ ಕಾಗದ ಆಗಬಹುದಿತ್ತು. ತೊಂಬತ್ತೆಂಟರ ಫೆಬ್ರವರಿಯಲ್ಲಿ ಅವಳು ಪ್ಯಾರಿಸ್ಸಿನಲ್ಲಿ ಸತ್ತಳು. ಕೇಳಿದ ಹದಿಮೂರು ಜನರಲ್ಲಿ ಉಳಿದವನು ರೆಮಿ ಒಬ್ಬ. ಬಾಗಿಲಲ್ಲಿ ನಿಂತಿದ್ದವಳು ನಾನು.

ರೆಮಿಯ ಹೆಂಡತಿ ಕೊರಿನ್. ಕೆಟ್ಟ ಹೆಂಗಸೆಂದು ನಾನು ಹೇಳುವುದಿಲ್ಲ. ದೊಡ್ಡ ಮದಾಂ ಫೆರ್ನಾಂದಳನ್ನು ನೀನು ಎನ್ನುತ್ತಿದ್ದಳು, ಕೊರಿನ್ ನೀವು ಎನ್ನುತ್ತಿದ್ದಳು. ನೀನು ಎನ್ನುವವಳ ಹತ್ತಿರ ಸಿಟ್ಟಾದರೂ ಮಾಡಬಹುದಿತ್ತು. ಕೊರಿನ್‌ಗೆ ಈಜುಕೊಳ ಬೇಕಾಗಿತ್ತು. ಹೊಳೆಯಲ್ಲಿ ಪಾಚಿ, ಮಕ್ಕಳ ಕಾಲಿಗೆ ಕಲ್ಲು ಚುಚ್ಚುತ್ತದೆ ಅನ್ನುತ್ತಿದ್ದಳು.

ಎರಡು ಸಾವಿರದ ಒಂದನೆಯ ಇಸವಿ ಜುಲೈ ಮೊದಲ ವಾರ ಒಬ್ಬ ಮನುಷ್ಯ ಅಳತೆಯ ಟೇಪು ಹಿಡಿದು ಬಂದ. ಒಲೆಮನೆಯ ಸುತ್ತ ಅಳೆದ, ಒಳಗೂ ಬಂದು ಅಳೆದ. ಫೆರ್ನಾಂದ್ ಅವನಿಗೆ ಕಾಫಿ ಕೊಟ್ಟಳು. ಸಂಜೆ ನಮ್ಮ ಮನೆಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತಳು.

"ಬಟ್ಟೆ ಬದಲಾಯಿಸೋ ಕೋಣೆ ಮಾಡ್ತಾರಂತೆ" ಅಂದಳು. "ಒಲೆ ಇರೋ ಜಾಗದಲ್ಲಿ ನೀರು ಸುರಿಯೋ ನಲ್ಲಿ ಬರತ್ತಂತೆ."

"ಯಾರು ಅಂದಿದ್ದು?"

"ಟೇಪಿನವನು."

"ರೆಮಿಗೆ ಫೋನ್ ಮಾಡು. ಈಗಲೇ ಮಾಡು. ನಂಬರ್ ನಾನು ಒತ್ತಿ ಕೊಡ್ತೀನಿ."

"ಫೋನಲ್ಲಿ ಕೇಳೋ ಮಾತಾ ಅದು?"

"ಹಾಗಾದ್ರೆ ಬಂದ ದಿನ ಎದುರಿಗೆ ನಿಂತು ಕೇಳು."

ಆಗ ಅವಳು ಹೇಳಿದ್ದನ್ನು ನಾನು ಒಂದಕ್ಷರ ಬಿಡದೆ ಬರೆಯುತ್ತೇನೆ. "ನಿಂತು ಕೇಳಿದ್ರೆ ಬೇಡಿದ ಹಾಗೆ ಇರೆನ್. ಕೂತು ಕೇಳಿದ್ರೆ ನೆನಪಿಸಿದ ಹಾಗೆ. ಮದಾಂ ಆ ಮೇಜಲ್ಲಿ ಕೊಟ್ಟಿದ್ದು. ಆ ಮೇಜಲ್ಲೇ ಕೇಳ್ತೀನಿ."

"ನಿನ್ನನ್ನ ಕೂರಿಸಬೇಕಲ್ಲೇ, ಹುಚ್ಚಿ! ಈ ವರ್ಷ ಎಷ್ಟು ಜನ?"

"ಹನ್ನೆರಡು."

"ಮತ್ತೆ?"

"ಅದೇ ಯೋಚನೆ ಮಾಡ್ತಿದೀನಿ."

ಯೋಚನೆ ಮಾಡಿಯೇ ಬಂದಿದ್ದಳು. ನಮ್ಮೂರ ಹಳೆಯ ಪಾದ್ರಿ ಲಬ್ರೂಸ್ ಕೆಲಸ ಬಿಟ್ಟು ಹತ್ತು ವರ್ಷವಾಗಿತ್ತು. ಚರ್ಚಿನ ಹಿಂದಿನ ಮನೆಯಲ್ಲಿ ಇದ್ದ. ದೊಡ್ಡ ಮದಾಂಳ ಕಾಲದಲ್ಲಿ ಹಬ್ಬದ ಊಟಕ್ಕೆ ತಪ್ಪದೆ ಬರುತ್ತಿದ್ದವನು, ಕೊರಿನ್ ಬಂದಮೇಲೆ ಯಾರೂ ಕರೆದಿರಲಿಲ್ಲ. ಆಗಸ್ಟ್ ಹನ್ನೆರಡರ ಭಾನುವಾರ ಪೂಜೆ ಮುಗಿದ ಮೇಲೆ ಫೆರ್ನಾಂದ್ ಒಂದು ಬಾಟಲಿ ಪ್ಲಮ್ ಹಣ್ಣು ಹಿಡಿದು ಅವನ ಮನೆಗೆ ಹೋದಳು. ನಾನೂ ಜೊತೆಗಿದ್ದೆ.

"ಫಾದರ್, ಬುಧವಾರ ಊಟಕ್ಕೆ ಬನ್ನಿ. ಮದಾಂ ಕಾಲದ ಹಾಗೆ."

"ಯಾರು ಕರೆದಿದ್ದು ಮಗಳೇ?"

"ಕುರಿಯ ತೊಡೆ ಮಾಡ್ತಿದೀನಿ. ಬೆಳ್ಳುಳ್ಳಿ ಚುಚ್ಚಿ."

ಪಾದ್ರಿ ಅವಳ ಮುಖ ನೋಡಿದ. ಆಮೇಲೆ ಬಾಟಲಿ ನೋಡಿದ. "ಬಿಳಿ ಬೀನ್ಸೂ ಇರತ್ತಾ?" ಅಂದ.

"ಇರತ್ತೆ."

"ಹಾಗಾದ್ರೆ ಯಾರು ಕರೆದರು ಅಂತ ನಾನು ಕೇಳೇ ಇಲ್ಲ ಅಂತಿಟ್ಕೋ."

ಇಷ್ಟು ವರ್ಷದಲ್ಲಿ ಅವಳು ಆ ಮನೆಯಲ್ಲಿ ಮಾಡಿದ ಮೋಸ ಅದೊಂದೇ.

ಬುಧವಾರ ಬಿಸಿಲು ಚೆನ್ನಾಗಿತ್ತು, ಸೆಕೆ ಇರಲಿಲ್ಲ. ನಾನು ಎಂಟು ಗಂಟೆಗೆ ಹೋದೆ, ಹನ್ನೆರಡು ಜನಕ್ಕೂ ಅವಳಿಗೆ ಒಂದು ಕೈ ಬೇಕಾಗಿತ್ತು. ಒಬ್ಬೊಬ್ಬರಾಗಿ ಎದ್ದು ಬರುತ್ತಿದ್ದರು, ಬರಿಗಾಲಲ್ಲಿ, ಕಣ್ಣುಜ್ಜಿಕೊಳ್ಳುತ್ತಾ. ಬಟ್ಟಲಲ್ಲಿ ಕಾಫಿ ಕುಡಿದು, ಬಟ್ಟಲನ್ನು ಹುಲ್ಲಿನ ಮೇಲೇ ಬಿಟ್ಟು ಹೋಗುತ್ತಿದ್ದರು. ಮಕ್ಕಳು ಹೊಳೆಗೆ ಹೋದರು. ಗಂಡಸರು ಅಂಗಳದಲ್ಲಿ ಕಬ್ಬಿಣದ ಗುಂಡು ಎಸೆಯುವ ಆಟ ಶುರುಮಾಡಿದರು, ಯಾರ ಗುಂಡು ಹತ್ತಿರ ಎಂದು ಮಂಡಿಯೂರಿ ದಾರ ಹಿಡಿದು ಅಳೆದು ಜಗಳವಾಡಿದರು. ರೆಮಿಯ ಮಗಳು ಎಲೊಡಿ, ಹಿಂದಿನ ವರ್ಷ ಮದುವೆಯಾದವಳು, ಎರಡು ಅಕ್ರೋಟು ಮರಗಳ ನಡುವೆ ಕಟ್ಟಿದ ಜೋಲಿಯಲ್ಲಿ ಮಲಗಿದ್ದಳು. ಕೊರಿನ್ ಆರಾಮಕುರ್ಚಿಯಲ್ಲಿ ಕಾಲು ಚಾಚಿ, "ಇಲ್ಲಿ ಕಾಲ ನಿಂತೇಬಿಡತ್ತೆ ಅಲ್ವಾ?" ಅಂದಳು.

ಒಳಗೆ ಫೆರ್ನಾಂದ್ ಪ್ಲಮ್ ಹಣ್ಣಿನ ಎರಡು ಸಿಹಿರೊಟ್ಟಿ ಸುಟ್ಟಾಗಿತ್ತು. ಮಾಂಸ ಒಲೆಯೊಳಗಿತ್ತು. ನನ್ನ ಆಡಿನ ಹಾಲಿನ ಗಿಣ್ಣು ಎಲೆ ಸುತ್ತಿಕೊಂಡು ತಟ್ಟೆಯಲ್ಲಿತ್ತು. ಅವಳು ಬಗ್ಗಿದಾಗ ಏಪ್ರನ್ನಿನ ಕೆಳಗೆ ಕಡುನೀಲಿ ಉಡುಪು ಕಂಡಿತು.

"ಇದೇನೇ, ಮದುವಣಗಿತ್ತಿ?" ಅಂದೆ.

"ಬಾಯಿ ಮುಚ್ಚಿ ಈರುಳ್ಳಿ ಹೆಚ್ಚು."

"ಎದೆ ಹೊಡ್ಕೊಳ್ತಿದೆಯಾ?"

"ಹೊಡ್ಕೊಳ್ಳದೆ ಇದ್ರೆ ನನ್ನನ್ನ ಹೂಳ್ತಿದ್ರಿ. ಈರುಳ್ಳಿ."

ಮೇಜು ಲಿಂಡನ್ ಮರದ ಕೆಳಗೆ. ಹನ್ನೆರಡು ತಟ್ಟೆ ಇಟ್ಟಳು. ಹನ್ನೆರಡೂವರೆಗೆ ಪಾದ್ರಿ ಲಬ್ರೂಸ್ ಗೇಟು ತಳ್ಳಿಕೊಂಡು ಬಂದ, ಬಗಲಲ್ಲಿ ಒಂದು ಬಾಟಲಿ, ತಲೆಗೆ ಹುಲ್ಲಿನ ಟೊಪ್ಪಿ. ಕೊರಿನ್ ಎದ್ದು ನಿಂತಳು. ಮುಖದಲ್ಲಿ ನಗು ಬಂತು, ಕಣ್ಣಿಗೆ ಬರಲಿಲ್ಲ.

"ಫಾದರ್! ಎಷ್ಟು ಸಂತೋಷ! ನಾವು ನಿಮ್ಮನ್ನ... ರೆಮಿ, ನೀನು ಕರೆದ್ಯಾ?"

"ನಾನಾ? ಇಲ್ಲ... ಬನ್ನಿ ಫಾದರ್, ಅಮ್ಮ ಇದ್ದಾಗಿನ ಹಾಗೇ ಆಯ್ತು ನೋಡಿ!" ರೆಮಿಗೆ ನಿಜವಾಗಿ ಸಂತೋಷವಾಗಿತ್ತು. ತಿರುಗಿ ಬೆರಳಲ್ಲಿ ಎಣಿಸಿದ. "ಅಯ್ಯೋ, ಹದಿಮೂರು!"

"ಈ ಕಾಲದಲ್ಲಿ ಅದೆಲ್ಲ ನೋಡ್ತಾರಾ?" ಅಂದಳು ಕೊರಿನ್.

"ಅಮ್ಮನ ಮೇಜಿದು. ನಾಂದ್! ಏಪ್ರನ್ ಬಿಚ್ಚಿಟ್ಟು ಬಾ!"

ಅಡುಗೆಮನೆಯಲ್ಲಿ ಅವಳು ಏಪ್ರನ್ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಎರಡು ತಟ್ಟೆ ತಾನೇ ತೆಗೆದುಕೊಂಡು ಹೋಗಿ, ಪಾದ್ರಿಗೊಂದು ಇಟ್ಟು, ತನಗೊಂದು ಇಟ್ಟುಕೊಂಡು, ಅವನ ಪಕ್ಕದಲ್ಲಿ ಕೂತಳು. ಅವಳು ಆ ಮೇಜಿಗೆ ಕೂತದ್ದು ಅದು ಏಳನೆಯ ಸಲ.

ನಾನು ಕರ್ಬೂಜ ಬಡಿಸಿದೆ. ಸಿಹಿ ವೈನು ಸುರಿದೆ. ಪಾದ್ರಿ ಮಾತಾಡಿದ, ಮಕ್ಕಳು ಬೀಜ ಉಗುಳಿದರು, ಯಾರೋ ಗದರಿದರು. ಫೆರ್ನಾಂದ್ ತನ್ನ ಹೋಳನ್ನು ಸಿಪ್ಪೆ ಬಿಳುಪಾಗುವವರೆಗೆ ತಿಂದಳು, ಬಾಯಿ ಒರೆಸಿಕೊಂಡಳು, ಎರಡೂ ಕೈಯನ್ನು ಮೇಜಿನ ಅಂಚಿನ ಮೇಲೆ ಇಟ್ಟಳು. ನಾನು ಮಾಂಸದ ತಟ್ಟೆ ಹಿಡಿದು ಬರುತ್ತಿದ್ದವಳು ಅಲ್ಲೇ ನಿಂತೆ.

"ರೆಮಿ" ಅಂದಳು. ಕೂತಾಗ ಮಾತ್ರ ಹಾಗೆ ಹೆಸರು ಹಿಡಿದು ಕರೆಯುತ್ತಿದ್ದಳು.

"ಹೇಳು ನಾಂದ್."

"ನಿಮ್ಮಮ್ಮ ಈ ಮೇಜಲ್ಲಿ..."

ಆಗ ಎಲೊಡಿ ಚಾಕುವಿನಿಂದ ಗ್ಲಾಸು ತಟ್ಟಿದಳು. ಬೇಕೆಂದು ಅಡ್ಡ ಬಂದದ್ದಲ್ಲ. ಅವಳೂ ಬೆಳಗಿನಿಂದ ಧೈರ್ಯ ಕೂಡಿಸಿಕೊಳ್ಳುತ್ತಿದ್ದಳೆಂದು ಕಾಣುತ್ತದೆ. ಕಣ್ಣು ತುಂಬಿಕೊಂಡು, "ನಾನು ಒಂದು ವಿಷಯ ಹೇಳ್ಬೇಕು. ಫೆಬ್ರವರಿಗೆ ನಾವು ಇಬ್ಬರಲ್ಲ, ಮೂವರಾಗ್ತೀವಿ" ಅಂದಳು.

ಮೇಜೇ ಎದ್ದಿತು. ಅಪ್ಪಿಕೊಂಡರು, ಮುತ್ತಿಟ್ಟರು. ಕೊರಿನ್ ಅತ್ತಳು. ಪಾದ್ರಿ ಗಾಳಿಯಲ್ಲಿ ಶಿಲುಬೆ ಬರೆದ. ಫೆರ್ನಾಂದ್ ಕೂತೇ ಇದ್ದಳು, ಕೈ ಮೇಜಿನ ಅಂಚಿನ ಮೇಲೇ ಇತ್ತು, ಎಲ್ಲರೂ ಮತ್ತೆ ಕೂರಲಿ ಎಂದು ಕಾಯುತ್ತಿದ್ದಳು. ಅವರು ಕೂತರು. ಆಗ ಎಲೊಡಿಯ ಗಂಡ, ಪ್ಯಾರಿಸ್ಸಿನಲ್ಲಿ ಎಂಜಿನಿಯರಂತೆ, ನಗುತ್ತಾ ಎಣಿಸಿದ.

"ತಡೀರಿ! ಹಾಗಾದ್ರೆ ನಾವು ಮೊದಲಿಂದಲೂ ಹದಿನಾಲ್ಕೇ ಇದ್ವಿ! ನನ್ನ ಮಗನೇ ಹದಿನಾಲ್ಕನೆಯವನು!"

ಎಲ್ಲರೂ ಗೊಳ್ಳೆಂದು ನಕ್ಕರು. ಕೊರಿನ್ ಕಣ್ಣೊರೆಸಿಕೊಳ್ಳುತ್ತಾ ಈ ಕಡೆ ತಿರುಗಿದಳು. "ಅಯ್ಯೋ ಪಾಪ, ಫೆರ್ನಾಂದ್, ನಿಮ್ಮನ್ನ ಸುಮ್ಮನೆ ತೊಂದರೆಪಡಿಸಿದ ಹಾಗಾಯ್ತು. ನಿಮಗೆ ಒಳಗೆ ಎಷ್ಟು ಕೆಲಸ ಇತ್ತೋ ಏನೋ."

ಏಳು ಎಂದು ಯಾರೂ ಹೇಳಲಿಲ್ಲ. ಇದನ್ನು ನಾನು ಸರಿಯಾಗಿ ಹೇಳಬೇಕು, ಯಾರೂ ಹೇಳಲಿಲ್ಲ. ಅವಳು ತಾನೇ ಎದ್ದಳು. ಕುರ್ಚಿಯನ್ನು ಒಳಕ್ಕೆ ತಳ್ಳಿದಳು. ನನ್ನ ಹತ್ತಿರ ಬಂದು ಮಾಂಸದ ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ನಾಂದ್, ಏನೋ ಹೇಳ್ತಿದ್ದೆ?" ಅಂದ ರೆಮಿ.

ಅವಳು ನಿಂತಿದ್ದಳು. ತಟ್ಟೆ ಭಾರ ಇತ್ತು, ಮೂರು ಕಿಲೋ ಮಾಂಸ.

"ಒಳಗೆ ಸ್ವಲ್ಪ ಕೆಂಪಗಿದೆ. ಪರವಾಗಿಲ್ವಾ ಅಂತ ಕೇಳ್ತಿದ್ದೆ."

"ಹಾಗೇ ಚೆನ್ನಾಗಿರತ್ತೆ!" ಅಂದ.

ಊಟ ನಾಲ್ಕು ಗಂಟೆಯವರೆಗೆ ನಡೆಯಿತು. ಪಾದ್ರಿ ಎರಡು ಸಲ ಬೀನ್ಸ್ ಹಾಕಿಸಿಕೊಂಡ. ಮಕ್ಕಳು ಮೇಜಿನ ಕೆಳಗೆ ನಿದ್ದೆ ಹೋದರು. ಕಾಫಿ ಕೊಡುವಾಗ ಕೊರಿನ್ ಆರಾಮಕುರ್ಚಿಯಲ್ಲಿ ಕಣ್ಣು ಅರ್ಧ ಮುಚ್ಚಿದ್ದಳು. ಟ್ರೇ ಹಿಡಿದು ನಿಂತ ಫೆರ್ನಾಂದಳಿಗೆ ಹೇಳಿದಳು, ಇವತ್ತೇ ಹೇಳಬೇಕೆಂದೂ ಇರಲಿಲ್ಲ, ಹಾಗೇ ಮಾತಿಗೆ ಬಂತು.

"ಫೆರ್ನಾಂದ್, ರೆಮಿ ನಿಮ್ಮ ವಿಷಯ ತುಂಬಾ ಯೋಚನೆ ಮಾಡ್ತಿದಾರೆ. ಆ ಒಲೆಮನೆಯಲ್ಲಿ ಚಳಿಗಾಲ, ಆ ತೇವ, ನಿಮ್ಮ ಮಂಡಿ. ಪೇಟೆಯಲ್ಲಿ ವಯಸ್ಸಾದವರ ಮನೆ ಇದೆಯಲ್ಲ, ಅಲ್ಲಿ ಕೇಳಿದೀವಿ. ಅಕ್ಟೋಬರ್‌ಗೆ ಒಂದು ಕೋಣೆ ಖಾಲಿ ಆಗತ್ತೆ. ಹೀಟರ್ ಇದೆ, ಲಿಫ್ಟ್ ಇದೆ. ಇನ್ಮೇಲೆ ನೀವು ಏನೂ ಮಾಡೋದೇ ಬೇಡ."

"ಸರಿ ಮದಾಂ" ಅಂದಳು ಫೆರ್ನಾಂದ್. "ಸಕ್ಕರೆ ಒಂದಾ, ಎರಡಾ?"

ರೆಮಿ ಕಪ್ಪಿನೊಳಗೆ ನೋಡುತ್ತಿದ್ದ. ಫೆರ್ನಾಂದ್ ಟ್ರೇಯ ಮೇಲಿಂದ ನನ್ನನ್ನು ನೋಡಿದಳು. ಕೇಳುವ ನೋಟವಲ್ಲ, ಬರೀ ನೋಡಿದಳು. ನಾನು ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಇಷ್ಟು ಹೇಳಿ ನಿಲ್ಲಿಸಿದರೆ ತಪ್ಪಾಗುತ್ತದೆ. ನಾನು ಬಾವಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದಾಗ ರೆಮಿ ಬಂದ. ಸಿಗರೇಟು ಹಚ್ಚಿದ.

"ಇರೆನ್, ಅಪ್ಪ ತೀರಿಕೊಂಡ ವರ್ಷ ಅಮ್ಮ ಊಟದ ಹೊತ್ತಲ್ಲಿ ಏನೋ ಅಂದಿದ್ರು ಅಲ್ವಾ? ನಾಂದ್ ವಿಷಯ. ನಾನು ಚಿಕ್ಕವನು, ಸರಿಯಾಗಿ ನೆನಪಿಲ್ಲ. ನೀವು ಬಡಿಸ್ತಿದ್ರಿ."

ನನ್ನ ಗಂಡ ಸತ್ತಮೇಲೆ ನನ್ನ ಒಂಬತ್ತು ಆಡುಗಳು ಮೇಯುತ್ತಿದ್ದದ್ದು ವಲಾದ್ ಮನೆಯ ಹೊಳೆದಂಡೆಯ ಹುಲ್ಲುಗಾವಲಿನಲ್ಲಿ. ಅದಕ್ಕೂ ಕಾಗದ ಇರಲಿಲ್ಲ. ಅದನ್ನೂ ದೊಡ್ಡ ಮದಾಂ ಬಾಯಿಮಾತಲ್ಲಿ ಕೊಟ್ಟದ್ದು. ನಾನು ಕೈಯಲ್ಲಿದ್ದ ತಟ್ಟೆಯನ್ನು ಎರಡು ಸಲ ತಿಕ್ಕಿದೆ.

"ಎಷ್ಟು ವರ್ಷದ ಮಾತು ಮುಸ್ಯೂ ರೆಮಿ" ಅಂದೆ. "ನಾನು ಒಳಗೂ ಹೊರಗೂ ಓಡಾಡ್ತಿದ್ದೆ. ಯಾರಿಗೆ ನೆನಪಿರತ್ತೆ?"

"ಅದೂ ಸರಿ" ಅಂದ. ಅವನ ಭುಜ ಹಗುರವಾದದ್ದು ನನಗೆ ಕಂಡಿತು. ಸಿಗರೇಟು ಆರಿಸಿ ಗುಂಡು ಆಡಲು ಹೋದ. ಸಂಜೆ ಎಲ್ಲರೂ ಹೊಳೆಗೆ ಇಳಿದರು. ನಗು ಸೇತುವೆಯವರೆಗೆ ಕೇಳುತ್ತಿತ್ತು. ಅಷ್ಟು ಒಳ್ಳೆಯ ರಜೆಯ ದಿನ ಆ ವರ್ಷ ಇನ್ನೊಂದಿರಲಿಲ್ಲ ಎಂದು ಎಲೊಡಿ ಮಾರನೆಯ ದಿನ ನನಗೇ ಹೇಳಿದಳು.

ಅಕ್ಟೋಬರ್ ಒಂಬತ್ತಕ್ಕೆ ಫೆರ್ನಾಂದ್ ಹೋದಳು. ಎರಡು ಸೂಟ್‌ಕೇಸು, ಒಂದು ಕುರ್ಚಿ. ಹಣ್ಣಿನ ಬಾಟಲಿಗಳನ್ನು ಅಲ್ಲಿ ಇಟ್ಟುಕೊಳ್ಳಲು ಬಿಡುವುದಿಲ್ಲವಂತೆ, ನನಗೆ ಕೊಟ್ಟಳು. ನಲವತ್ತೊಂದು ಇದ್ದವು. ಮನೆಯ ಬೀಗದ ಕೈಗಳನ್ನು ಒಂದೊಂದಾಗಿ ತೋರಿಸಿ, ಇದು ಉಗ್ರಾಣ, ಇದು ಅಟ್ಟ ಎಂದು ಹೇಳಿ, ಅವುಗಳನ್ನೂ ನನ್ನ ಕೈಗೇ ಕೊಟ್ಟಳು. ಕೊರಿನ್ ಹಾಗೆ ಹೇಳಿದ್ದಳು. ಮರುವರ್ಷದ ಜುಲೈನಲ್ಲಿ ಹದಿನೇಳು ಜೊತೆ ಕಿಟಕಿಗಳನ್ನು ತೆಗೆದವಳು ನಾನು. ಈಜುಕೊಳ ಆಯಿತು. ಬೇಸಿಗೆ ಪೂರ್ತಿ ಅದರೊಳಗೆ ಲಿಂಡನ್ ಹೂವು ಬೀಳುತ್ತದೆ, ಬಲೆಯಲ್ಲಿ ತೆಗೆಯಬೇಕು. ಅದನ್ನೂ ತೆಗೆದೆ.

ಪೇಟೆಯ ಆ ಮನೆ ಕೆಟ್ಟದ್ದಲ್ಲ. ಬೆಚ್ಚಗಿತ್ತು. ಊಟದ ಕೋಣೆಯಲ್ಲಿ ನಾಲ್ಕು ನಾಲ್ಕು ಜನರ ಮೇಜುಗಳು, ಪ್ರತಿಯೊಬ್ಬರ ಜಾಗದಲ್ಲೂ ಹೆಸರು ಬರೆದ ಚೀಟಿ. ದಿನಕ್ಕೆ ಎರಡು ಸಲ ಅವಳನ್ನು ಕೂರಿಸಿ ಬಡಿಸುತ್ತಿದ್ದರು. ಅವಳಿಗೆ ಅದು ಒಗ್ಗಲಿಲ್ಲ. ತಟ್ಟೆ ಹಿಡಿದ ಹುಡುಗಿ ಹತ್ತಿರ ಬಂದರೆ ಏಳಲು ಹೋಗುತ್ತಿದ್ದಳು. "ಕೂತ್ಕೊಳ್ಳಿ ಅಜ್ಜಿ, ಕೂತ್ಕೊಳ್ಳಿ" ಎಂದು ಭುಜ ಒತ್ತಿ ಕೂರಿಸುತ್ತಿದ್ದರು. ನಾನು ತಿಂಗಳಿಗೆ ಎರಡು ಸಲ, ಸಂತೆಗೆ ಹೋಗುವ ಬಸ್ಸಿನಲ್ಲಿ ಹೋಗುತ್ತಿದ್ದೆ. ನಾವು ಊರಿನ ಮಾತು ಆಡುತ್ತಿದ್ದೆವು, ಯಾರು ಸತ್ತರು, ಯಾರ ಮನೆಯ ಗೋಡೆ ಬಿತ್ತು. ಒಲೆಮನೆಯ ಮಾತು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮೂರನೆಯ ಚಳಿಗಾಲದಲ್ಲಿ ಅವಳ ಎದೆಗೆ ಕಫ ಕಟ್ಟಿತು. ಜನವರಿ ಇಪ್ಪತ್ತೆರಡು, ಗುರುವಾರ, ನಾನು ಹೋದಾಗ ದಿಂಬಿಗೆ ಒರಗಿ ಕೂತಿದ್ದಳು. ಕಿಟಕಿಯಿಂದ ಕಾರು ನಿಲ್ಲಿಸುವ ಜಾಗ ಕಾಣುತ್ತಿತ್ತು. ನಾನು ತಂದಿದ್ದ ಸೂಪು ಎರಡು ಚಮಚ ಕುಡಿದು ಸಾಕೆಂದಳು. ಕಣ್ಣು ಮುಚ್ಚಿದಳು. ನಿದ್ದೆ ಬಂತೆಂದು ನಾನು ಕೋಟು ಹಾಕಿಕೊಂಡೆ, ಬಸ್ಸು ಐದೂಕಾಲಕ್ಕೆ. ಬಾಗಿಲ ಹತ್ತಿರ ಹೋದಾಗ ಕರೆದಳು.

"ಇರೆನ್."

"ಏನೇ?"

"ಆವತ್ತು ಆ ಹುಡುಗಿ ಗ್ಲಾಸು ತಟ್ಟದೆ ಇದ್ದಿದ್ರೆ, ನಾನು ಕೂತೇ ಪೂರ್ತಿ ಕೇಳಿಬಿಟ್ಟಿದ್ರೆ, ರೆಮಿ ನಿನ್ನ ಕಡೆ ತಿರುಗಿ ಕೇಳಿದ್ರೆ... ಹೌದು, ನಾನು ಕೇಳಿಸ್ಕೊಂಡಿದೀನಿ ಅಂತ ನೀನು ಹೇಳ್ತಿದ್ಯಾ?"